ಚಳಿಗಾಲದ ನ್ಯಾರೋಬೋಟ್: ಮರೀನಾ ಸೇರುವುದೋ, ದಂಡೆಗೆ ಕಟ್ಟುವುದೋ, ಸಾಗುತ್ತಲೇ ಇರುವುದೋ?

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರು ಅಕ್ಟೋಬರ್ ಮುಗಿಯುವಷ್ಟರಲ್ಲಿ ಒಂದು ವಿಷಯ ತೀರ್ಮಾನಿಸಿಕೊಂಡಿರಬೇಕು. ಮುಂದಿನ ನಾಲ್ಕು ತಿಂಗಳು ದೋಣಿ ಎಲ್ಲಿರಬೇಕು? ದಾರಿಗಳು ಮೂರು. ತಿಂಗಳ ಬಾಡಿಗೆ ಕೊಟ್ಟು ಮರೀನಾದೊಳಗೆ, ಎಂದರೆ ದೋಣಿ ನಿಲ್ಲಿಸಲೆಂದೇ ಕಾಲುವೆಯ ಪಕ್ಕ ಕಟ್ಟಿದ ಕೊಳದೊಳಗೆ, ನಿಲ್ಲಬಹುದು. ಚಳಿಗಾಲಕ್ಕೆಂದೇ ಬಾಡಿಗೆಗೆ ಸಿಗುವ ಜಾಗವನ್ನು ಕಾಲುವೆಯ ದಂಡೆಯಲ್ಲಿ ಹಿಡಿಯಬಹುದು. ಅದೂ ಬೇಡವೆಂದರೆ, ಬೇಸಿಗೆಯಲ್ಲಿದ್ದ ಹಾಗೆಯೇ ಎರಡು ವಾರಕ್ಕೊಮ್ಮೆ ಜಾಗ ಬದಲಿಸುತ್ತ ಸಾಗಬಹುದು. ನಾನೂ ನನ್ನ ಗಂಡನೂ ಬೇರೆ ಬೇರೆ ವರ್ಷಗಳಲ್ಲಿ ಈ ಮೂರನ್ನೂ ಮಾಡಿದ್ದೇವೆ. ಮನೆ ಬಾಡಿಗೆಯ ಹೊರೆ ತಾಳಲಾರದೆ ದೋಣಿ ಕೊಳ್ಳುವ ಯೋಚನೆಯಲ್ಲಿರುವ ಕನ್ನಡದ ಗೆಳೆಯರು ಜುಲೈ ತಿಂಗಳಲ್ಲಿ ಬಂದು, ಚಹಾ ಕುಡಿದು, ಇದೇ ಜೀವನ ಎಂದು ಹೋಗುತ್ತಾರೆ. ಅವರಿಗೆಲ್ಲ ನಾನು ಹೇಳುವುದು, ಜನವರಿಯಲ್ಲಿ ಬಂದು ನಾಲ್ಕು ದಿನ ಇದ್ದು ನೋಡಿ ಎಂದು. ಬರಲಾಗದವರಿಗೆ ಈ ಬರಹ.

ನಮ್ಮದು ನ್ಯಾರೋಬೋಟ್, ಎಂದರೆ ಕಿರಿದಾದ ಕಾಲುವೆ ದೋಣಿ; 57 ಅಡಿ ಉದ್ದ, ಉಕ್ಕಿನದು. ಅಗಲ 6 ಅಡಿ 10 ಅಂಗುಲ. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಏಳು ಅಡಿ ಅಗಲದ ಲಾಕ್‌ಗಳೊಳಗೆ (ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ತೊಟ್ಟಿಗಳೊಳಗೆ) ತೂರಬೇಕಾದ್ದರಿಂದ ಇದಕ್ಕಿಂತ ಅಗಲ ಮಾಡುವ ಹಾಗಿಲ್ಲ. ರೈಲಿನ ಒಂದು ಬೋಗಿಯನ್ನು ಇನ್ನಷ್ಟು ಕಿರಿದಾಗಿಸಿ ಅದರಲ್ಲಿ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಸಾಲಾಗಿ ಜೋಡಿಸಿದ ಹಾಗೆ. ಇಂಥ ಜಾಗದಲ್ಲಿ ಬೇಸಿಗೆಗೆ ಮುಖ್ಯವೆನಿಸುವ ಕಿಟಕಿಯ ನೋಟ, ಹತ್ತಿರದ ಪಬ್, ಹೂವಿನ ಕುಂಡ ಯಾವುದೂ ಚಳಿಗಾಲದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾನು ಬಳಸುವ ಅಳತೆಗೋಲು ಒಂದೇ. ಕಾಲುವೆ ಹೆಪ್ಪುಗಟ್ಟಿ ದೋಣಿ ಅಲ್ಲಾಡದ ದಿನ ನೀರಿನ ನಲ್ಲಿಗೆ, ಇದ್ದಲಿಗೆ, ಶೌಚದ ಡಬ್ಬಿ ಖಾಲಿ ಮಾಡುವ ಜಾಗಕ್ಕೆ ನಡೆದು ಹೋಗಿ ಬರಲು ಸಾಧ್ಯವೇ? ಹೌದಾದರೆ ಆ ಜಾಗ ಒಳ್ಳೆಯದು. ಉಳಿದ ಗುಣಗಳನ್ನು ಆಮೇಲೆ ನೋಡೋಣ.

ಮೂರೂ ದಾರಿಗಳ ಕಟ್ಟಳೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು ನೋಡಿಕೊಳ್ಳುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. 2012ರಲ್ಲಿ ಅದು ಸರ್ಕಾರಿ ಸಂಸ್ಥೆಯಾಗಿದ್ದ ಬ್ರಿಟಿಷ್ ವಾಟರ್‌ವೇಸ್‌ನಿಂದ ಈ ಹೊಣೆ ಹೊತ್ತುಕೊಂಡಿತು. ಲೈಸೆನ್ಸ್ ಬೇಕಾದರೆ ದೋಣಿಗೆ ವಿಮೆ ಇರಬೇಕು, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಆಗಬೇಕು. ಇದರ ಜೊತೆಗೆ ನಿಮಗೊಂದು ಕಾಯಂ ಜಾಗವಿದೆ ಎಂದಾದರೂ ತೋರಿಸಬೇಕು, ಇಲ್ಲವೇ ಸಂಚಾರಿ ಎಂದು ಘೋಷಿಸಿಕೊಳ್ಳಬೇಕು. ಸಂಚಾರಿ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. 1995ರ ಕಾಯ್ದೆ ಹೇಳುವುದೇ ಹಾಗೆ. ಆದರೆ ಸಂದರ್ಭಕ್ಕೆ ತಕ್ಕಂತೆ ಇನ್ನೂ ಸ್ವಲ್ಪ ಕಾಲ ನಿಲ್ಲಬಹುದು ಎಂಬ ಮಾತನ್ನೂ ಆ ಕಾಯ್ದೆ ಸೇರಿಸಿದೆ. ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡರೆ, ಜ್ವರ ಬಂದು ಮಲಗಿದರೆ ಟ್ರಸ್ಟ್‌ಗೆ ತಿಳಿಸಿ ನಿಲ್ಲಬಹುದು. ತಿಳಿಸುವುದನ್ನು ಮರೆಯಬೇಡಿ.

ಸಂಚಾರವೆಂದರೆ ಬಿಟ್ಟಿ ವಾಸ ಎಂಬ ಭಾವನೆ ಇಟ್ಟುಕೊಳ್ಳಬೇಡಿ. 2024ರ ಏಪ್ರಿಲ್‌ನಿಂದ ಕಾಯಂ ಜಾಗವಿಲ್ಲದ ದೋಣಿಗಳ ಲೈಸೆನ್ಸ್‌ಗೆ ಹೆಚ್ಚುವರಿ ಶುಲ್ಕ ಸೇರಿದೆ. ಮೊದಲ ವರ್ಷ ಶೇ. 5 ಇದ್ದದ್ದು ಹಂತ ಹಂತವಾಗಿ ಏರಿ 2028ಕ್ಕೆ ಶೇ. 25 ಮುಟ್ಟಬೇಕೆಂಬುದು ಟ್ರಸ್ಟ್‌ನ ಯೋಜನೆ. ಹಾಗಿದ್ದರೂ ಮರೀನಾದ ವಾರ್ಷಿಕ ಬಾಡಿಗೆಗೆ ಹೋಲಿಸಿದರೆ ಇದು ಕಡಿಮೆಯೇ. ಚಳಿಗಾಲದ ದಂಡೆಯ ಜಾಗ ಈ ಎರಡರ ನಡುವೆ ಬರುತ್ತದೆ. ಅದು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಸಿಗುತ್ತದೆ. ದೋಣಿಯ ಉದ್ದಕ್ಕೆ ಮೀಟರಿಗೆ ಇಷ್ಟು ಎಂದು ಲೆಕ್ಕ. ಒಳ್ಳೆಯ ಜಾಗಗಳು ಬೇಗ ಖಾಲಿಯಾಗುತ್ತವೆ. ಸೆಪ್ಟೆಂಬರ್‌ನಿಂದಲೇ ಪ್ರಕಟಣೆಗಾಗಿ ಕಣ್ಣಿಟ್ಟಿರಬೇಕು.

ಮರೀನಾ

ಮರೀನಾ ಸೇರಿದ ಸಂಜೆಯೇ ಅದರ ದೊಡ್ಡ ಉಪಕಾರ ಕಾಣಿಸುತ್ತದೆ. ತಂತಿ ಸಿಕ್ಕಿಸಿದರೆ ಕರೆಂಟು ಬರುತ್ತದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಗಾಗುವುದು ಎಂಟರ ಸುಮಾರಿಗೆ, ಕತ್ತಲಾಗುವುದು ನಾಲ್ಕಕ್ಕೆ. ಆ ನಡುವೆಯೂ ಸೂರ್ಯ ಮರಗಳ ಮೇಲೆ ಏರುವುದಿಲ್ಲ. ಚಾವಣಿಯ ಸೌರಫಲಕ ಜೂನ್‌ನಲ್ಲಿ ಮನೆಯನ್ನೇ ನಡೆಸುತ್ತದೆ, ಡಿಸೆಂಬರ್‌ನಲ್ಲಿ ಅದರಿಂದ ಮೊಬೈಲ್ ತುಂಬಿದರೆ ಹೆಚ್ಚು. ಹೊರಗಿರುವವರು ಬ್ಯಾಟರಿಗಾಗಿ ದಿನಕ್ಕೆರಡು ಗಂಟೆ ಎಂಜಿನ್ ಓಡಿಸಬೇಕು, ಅದೂ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ. ಮನೆಯಿಂದಲೇ ಕೆಲಸ ಮಾಡುವವರಿಗೆ, ದಿನಕ್ಕೆ ನಾಲ್ಕು ವಿಡಿಯೊ ಸಭೆ ಇರುವವರಿಗೆ ಈ ಒಂದು ಕಾರಣಕ್ಕಾಗಿಯೇ ಮರೀನಾ ಬೇಕಾದೀತು.

ಎರಡನೆಯ ಉಪಕಾರ ವಿಳಾಸ. ವೈದ್ಯರ ಬಳಿ ಹೆಸರು ಬರೆಸಲು ವಿಳಾಸದ ಪುರಾವೆ ಕಡ್ಡಾಯವಲ್ಲ. ಬ್ಯಾಂಕು, ವಿಮೆ, ಅಂಚೆ ಮಾತ್ರ ವಿಳಾಸ ಕೇಳಿಯೇ ಕೇಳುತ್ತವೆ. ವೀಸಾದ ಮೇಲೆ ಬಂದವರು ತಮ್ಮ ವಿಳಾಸವನ್ನು ಸರ್ಕಾರಕ್ಕೆ ತಿಳಿಸುತ್ತಿರಬೇಕಾದ್ದರಿಂದ ಅವರಿಗೆ ಇದು ಇನ್ನೂ ಮುಖ್ಯ. ಆದರೆ ಇಲ್ಲೇ ಒಂದು ತೊಡಕಿದೆ. ಎಲ್ಲ ಮರೀನಾಗಳಿಗೂ ವಾಸಕ್ಕೆ ಅನುಮತಿ ಇರುವುದಿಲ್ಲ. ಹೆಚ್ಚಿನವು ವಿಹಾರದ ದೋಣಿಗಳಿಗೆ ಮಾತ್ರ ಮೀಸಲು. ‘ಇರಿ, ಯಾರೂ ಕೇಳುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುವವರಿದ್ದಾರೆ. ಆ ಮಾತು ನಂಬಿ ನಾಲ್ಕು ತಿಂಗಳ ಬಾಡಿಗೆ ಮುಂಗಡ ಕೊಡಬೇಡಿ, ಬರಹದಲ್ಲಿ ಕೇಳಿ ಪಡೆಯಿರಿ.

ಮರೀನಾದಲ್ಲಿ ಚಳಿಗಾಲವೇ ಇಲ್ಲ ಎಂದೂ ತಿಳಿಯಬೇಡಿ. ನಿಂತ ನೀರು ಬೇಗ ಹೆಪ್ಪುಗಟ್ಟುತ್ತದೆ. ಮರದ ಕಟ್ಟೆಗಳ ಮೇಲೆ ಇಬ್ಬನಿ ಗಾಜಿನಂತೆ ಕೂತಿರುತ್ತದೆ. ನಾವು ಮೊದಲ ವರ್ಷ ಸೇರಿದ್ದ ಮರೀನಾದಲ್ಲಿ ಹೊರಗಿನ ನಲ್ಲಿಗಳೆಲ್ಲ ಆರು ದಿನ ಕಟ್ಟಿಹೋಗಿದ್ದವು. ಆಗ ನಮ್ಮನ್ನು ಕಾದದ್ದು ತುಂಬಿಟ್ಟಿದ್ದ ಎರಡು ಕ್ಯಾನ್ ನೀರು ಮತ್ತು ನೂರು ಹೆಜ್ಜೆ ದೂರದ ಸ್ನಾನಗೃಹ. ಅಳತೆಗೋಲು ಹಾಕಿದರೆ ಮರೀನಾ ಗೆಲ್ಲುವುದು ಇದೇ ಕಾರಣಕ್ಕೆ, ಅಲ್ಲಿ ಎಲ್ಲವೂ ನೂರು ಹೆಜ್ಜೆಯೊಳಗಿದೆ.

ದಂಡೆಯ ಚಳಿಗಾಲದ ಜಾಗ

ನನಗೆ ಇಷ್ಟವಾದದ್ದು ಇದು. ಊರಿನ ಅಂಚಿನಲ್ಲಿ, ಕಾಲುದಾರಿಯ ಪಕ್ಕದಲ್ಲಿ ಗೂಟ ಹೊಡೆದು ಅಥವಾ ದಂಡೆಯಲ್ಲಿರುವ ಕಬ್ಬಿಣದ ಬಳೆಗೆ ಕಟ್ಟಿ ನಾಲ್ಕು ತಿಂಗಳು ನಿಲ್ಲುತ್ತೀರಿ. ಹಿಂದೆ ಮುಂದೆ ನಾಲ್ಕಾರು ದೋಣಿಗಳಿರುತ್ತವೆ. ಯಾರ ಚಿಮಣಿಯಲ್ಲಿ ಬೆಳಿಗ್ಗೆ ಹೊಗೆ ಕಾಣಿಸಲಿಲ್ಲವೋ ಅವರ ಬಾಗಿಲನ್ನು ಯಾರಾದರೂ ಹೋಗಿ ತಟ್ಟುತ್ತಾರೆ. ಮರೀನಾದಲ್ಲಿ ದೋಣಿಗಳು ಇನ್ನೂ ಹತ್ತಿರದಲ್ಲಿದ್ದರೂ ಇಷ್ಟು ನೆರೆಹೊರೆ ನಾನು ಕಾಣಲಿಲ್ಲ.

ಜಾಗಕ್ಕೆ ಹಣ ಕಟ್ಟುವ ಮುನ್ನ ನಕ್ಷೆಯಲ್ಲಿ ನೀರಿನ ನಲ್ಲಿ ಎಷ್ಟು ದೂರ ಎಂದು ನೋಡಿ. ಈ ಜಾಗಗಳಲ್ಲಿ ಹಲವಕ್ಕೆ ಕರೆಂಟೂ ಇಲ್ಲ, ನೀರೂ ಇಲ್ಲ, ನಿಲ್ಲುವ ಹಕ್ಕಷ್ಟೇ ಇದೆ. ಇದ್ದಲು, ಡೀಸೆಲ್, ಗ್ಯಾಸ್ ಹೊತ್ತು ಕಾಲುವೆಯಲ್ಲೇ ಮಾರುತ್ತ ಬರುವ ಇಂಧನದ ದೋಣಿ ಆ ದಾರಿಯಲ್ಲಿ ಸಾಗುತ್ತದೆಯೇ ಎಂದು ಕೇಳಿ. ಊರಿನಲ್ಲಿ ಹಳ್ಳಿಗೆ ಸೀಮೆಎಣ್ಣೆ ಗಾಡಿ ಬರುತ್ತಿದ್ದ ದಿನ ನನಗೆ ನೆನಪಿದೆ, ದೂರದಿಂದ ಅದರ ಎಂಜಿನ್ ಸದ್ದು ಕೇಳಿದೊಡನೆ ಅದೇ ಸಂಭ್ರಮ. ಆದರೆ ಮಂಜುಗಡ್ಡೆ ದಪ್ಪವಾದರೆ ಆ ದೋಣಿಯೂ ಬಾರದು. ನವೆಂಬರ್‌ನಲ್ಲೇ ಹತ್ತು ಚೀಲ ಚಾವಣಿಯ ಮೇಲೆ ಜೋಡಿಸಿಡುವುದು ಕ್ಷೇಮ.

ಸಾಗುತ್ತಲೇ ಇರುವುದು

ಬೇಸಿಗೆಯಲ್ಲಿ ಲಾಕ್ ಮುಂದೆ ಐದಾರು ದೋಣಿ ಸಾಲುಗಟ್ಟಿರುತ್ತವೆ. ಜನವರಿಯಲ್ಲಿ ಇಡೀ ದಿನ ಸಾಗಿದರೂ ಎದುರಿಗೆ ಒಂದು ದೋಣಿ ಬರುವುದಿಲ್ಲ. ಹಿಮ ಕೂತ ಹುಲ್ಲು, ನೀರಿನ ಮೇಲೆ ಏಳುವ ಹಬೆ, ನಿಂತಲ್ಲೇ ನಿಂತಿರುವ ಬೂದು ಕೊಕ್ಕರೆ. ಗಂಟೆಗೆ ನಾಲ್ಕು ಮೈಲಿ ಮೀರದ ವೇಗದಲ್ಲಿ ಇವೆಲ್ಲ ನಿಧಾನವಾಗಿ ಹಿಂದೆ ಸರಿಯುತ್ತವೆ. ನಾನು ಇದಕ್ಕಾಗಿಯೇ ಎರಡು ಚಳಿಗಾಲ ಸಾಗಿದ್ದೇನೆ.

ಅದರ ಬೆಲೆಯನ್ನೂ ಹೇಳುತ್ತೇನೆ. ಚುಕ್ಕಾಣಿ ಹಿಡಿದವರು ಬಯಲಲ್ಲೇ ನಿಂತಿರಬೇಕು. ಬೆಳಿಗ್ಗೆ ಕಟ್ಟು ಬಿಚ್ಚಲು ಹೋದರೆ ಒದ್ದೆಯಾಗಿದ್ದ ಹಗ್ಗ ಕೋಲಿನಂತೆ ಸೆಟೆದಿರುತ್ತದೆ, ಸುತ್ತಲು ಬರುವುದಿಲ್ಲ. ಲಾಕ್‌ನ ಬಾಗಿಲ ಮೇಲಿನ ಹಲಗೆಯಲ್ಲಿ ಹೆಜ್ಜೆ ಇಡಲು ಭಯವಾಗುತ್ತದೆ. ಚಳಿಗಾಲದಲ್ಲಿ ಬಾಗಿಲ ಮೇಲಿಂದ ಆಚೆ ದಾಟಬೇಡಿ, ಸೇತುವೆ ಇದ್ದರೆ ಸುತ್ತಿ ಹೋಗಿ. ಆ ನೀರಿಗೆ ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಈಜು ಬಲ್ಲವರಿಗೂ ಕೈಕಾಲು ಆಡುವುದಿಲ್ಲ. ಜೀವರಕ್ಷಕ ಜಾಕೆಟ್ ಹಾಕದೆ ನಾನು ಡಿಸೆಂಬರ್‌ನಲ್ಲಿ ದೋಣಿಯ ಅಂಚಿನ ಮೇಲೆ ಕಾಲಿಡುವುದಿಲ್ಲ.

ಎಲೆ ಉದುರಿದ ನಂತರ ಪ್ರೊಪೆಲರ್‌ಗೆ ಎಲೆಯ ಮುದ್ದೆ ಸುತ್ತಿಕೊಳ್ಳುವುದು ದಿನದ ಮಾತು. ಒಮ್ಮೆ ಎಂಜಿನ್ ಹಿಮ್ಮುಖ ಕೊಟ್ಟರೆ ಸಾಮಾನ್ಯವಾಗಿ ಉದುರುತ್ತದೆ. ಪ್ಲಾಸ್ಟಿಕ್ ಚೀಲವೋ ತಂತಿಯೋ ಸುತ್ತಿಕೊಂಡರೆ ಮಾತ್ರ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಹಿಂಭಾಗದ ಮುಚ್ಚಳ ತೆಗೆದು ಕೈಯನ್ನು ಮೊಣಕೈಯ ಮೇಲಿನವರೆಗೆ ನೀರಿಗೆ ಇಳಿಸಬೇಕು. ಮೊದಲ ನಿಮಿಷ ನೋವು, ಎರಡನೆಯ ನಿಮಿಷ ಏನೂ ಇಲ್ಲ. ಬೆರಳಿಗೆ ತಗುಲಿದ್ದು ಉಕ್ಕೋ ಹಗ್ಗವೋ ತಿಳಿಯದಂತಾಗುತ್ತದೆ. ನನ್ನ ಗಂಡ ಹೀಗೆ ಹಳೆಯ ಸೀರೆಯಷ್ಟು ಉದ್ದದ ಬಟ್ಟೆಯೊಂದನ್ನು ಅರ್ಧ ಗಂಟೆ ಕತ್ತರಿಸಿ ತೆಗೆದರು. ಆಮೇಲೆ ಒಲೆಯ ಮುಂದೆ ಕೂತಾಗ ಬೆರಳುಗಳಿಗೆ ರಕ್ತ ಮರಳುವ ಉರಿಗೆ ಅವರ ಕಣ್ಣಲ್ಲಿ ನೀರು ಬಂತು.

ತೆಳುವಾದ ಮಂಜುಗಡ್ಡೆಯನ್ನು ಉಕ್ಕಿನ ದೋಣಿ ಸುಲಭವಾಗಿ ಸೀಳುತ್ತದೆ. ಆ ಸದ್ದು ಗಾಜಿನ ಅಂಗಡಿ ಕುಸಿದಂತೆ ದೂರದವರೆಗೆ ಕೇಳಿಸುತ್ತದೆ. ಆದರೂ ಸೀಳಬೇಡಿ ಎಂದೇ ನನ್ನ ಮಾತು. ಒಡೆದ ಗಡ್ಡೆಯ ಅಂಚು ನೀರಿನ ಮಟ್ಟದಲ್ಲಿ ಕರಿಬಣ್ಣವನ್ನು ಕೆರೆದು ಉಕ್ಕನ್ನು ಬೆತ್ತಲು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ನೀವು ತಳ್ಳಿದ ಗಡ್ಡೆ ದಂಡೆಯಲ್ಲಿ ನಿಂತಿರುವ ಫೈಬರ್ ದೋಣಿಗೆ, ಮರದ ದೋಣಿಗೆ ಗಾಯ ಮಾಡುತ್ತದೆ.

ಸಂಚಾರಿಗಳಿಗೆ ಇನ್ನೊಂದು ದೊಡ್ಡ ಅಡ್ಡಿ ದುರಸ್ತಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಟ್ರಸ್ಟ್ ಲಾಕ್‌ಗಳ ನೀರು ಬಸಿದು ಕೆಲಸ ಮಾಡುತ್ತದೆ. ಓಕ್ ಮರದ ಬಾಗಿಲುಗಳು ಸುಮಾರು 25 ವರ್ಷ ಬಾಳುತ್ತವೆ, ಆಮೇಲೆ ಬದಲಿಸಲೇಬೇಕು. ಇದಕ್ಕಾಗಿ ಒಂದು ಲಾಕ್ ವಾರಗಟ್ಟಲೆ ಮುಚ್ಚಿರಬಹುದು. ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಅದನ್ನು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳದೆ ಹೊರಟವರು ಎರಡು ಮುಚ್ಚಿದ ಲಾಕ್‌ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ನಾವು ಸಿಕ್ಕಿಕೊಂಡಿದ್ದೆವು, ನಡುವೆ ನಲ್ಲಿ ಇಲ್ಲದ ನಾಲ್ಕು ಮೈಲಿಯಲ್ಲಿ.

ನದಿಗೆ ಸೇರುವ ಮಾರ್ಗಗಳನ್ನು ಚಳಿಗಾಲದಲ್ಲಿ ಬಿಟ್ಟುಬಿಡಿ. ಸೋರ್, ಟ್ರೆಂಟ್, ಥೇಮ್ಸ್, ಕೆನೆಟ್ ಎಲ್ಲವೂ ಮಳೆಗೆ ಉಕ್ಕುತ್ತವೆ. ಲೆಸ್ಟರ್‌ನಲ್ಲಿ ನಮ್ಮವರ ಮನೆಗಳು ಬಹಳ ಇವೆ, ಸಂಕ್ರಾಂತಿಗೆ ದೋಣಿಯಲ್ಲೇ ಹೋಗೋಣ ಎಂದು ನಾವೂ ಯೋಚಿಸಿದ್ದೆವು. ಆ ದಾರಿಯಲ್ಲಿ ಸೋರ್ ನದಿಯ ಪ್ರವಾಹದ ಎಚ್ಚರಿಕೆ ಕೊಡುವ ಕೆಂಪು ಫಲಕ ನೋಡಿ ರೈಲಿನಲ್ಲಿ ಹೋದೆವು.

ಒಲೆ, ಗ್ಯಾಸ್, ಶೌಚ

ಎಲ್ಲಿ ನಿಲ್ಲಬೇಕೆಂಬುದು ದೋಣಿಯೊಳಗೆ ಏನಿದೆ ಎಂಬುದನ್ನೂ ಅವಲಂಬಿಸಿದೆ. ಮುಖ್ಯವಾಗಿ ಬಿಸಿ. ಇದ್ದಲಿನ ಒಲೆ ಮತ್ತು ಡೀಸೆಲ್ ಹೀಟರ್ ನಡುವೆ ಒಂದನ್ನೇ ಆರಿಸಬೇಕಾದರೆ ನಾನು ಕಣ್ಣು ಮುಚ್ಚಿ ಒಲೆ ಎನ್ನುತ್ತೇನೆ. ಹೀಟರ್ ಗುಂಡಿ ಒತ್ತಿದರೆ ಉರಿಯುತ್ತದೆ ನಿಜ, ಆದರೆ ಅದಕ್ಕೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತ ರಾತ್ರಿ ಹೀಟರೂ ಸಾಯುತ್ತದೆ. ಒಲೆಗೆ ಇದ್ದಲು, ಗಾಳಿ ಎರಡೇ ಸಾಕು. ಬೆಳಿಗ್ಗೆ ಒಂದು ಗಂಟೆ ಮಾತ್ರ ದೋಣಿಯಲ್ಲಿದ್ದು ದಿನವೆಲ್ಲ ಕಚೇರಿಯಲ್ಲಿರುವವರು, ಮರೀನಾದಲ್ಲಿ ನಿಂತವರು ಹೀಟರನ್ನೇ ನೆಚ್ಚಿಕೊಂಡರೆ ತಪ್ಪಿಲ್ಲ.

ಬೆಳಿಗ್ಗೆ ಎದ್ದಾಗ ಒಲೆಯ ಗಾಜು ಕಪ್ಪಾಗಿರುತ್ತದೆ. ಕೆಳಗಿನ ಗಾಳಿಕಿಂಡಿ ತಿರುಗಿಸಿ ಎರಡು ನಿಮಿಷ ಕಾದರೆ ಕಪ್ಪಿನ ಹಿಂದೆ ಕೆಂಪು ಮೂಡುತ್ತದೆ. ಸರಳಿನಿಂದ ಜಾಲರಿ ಅಲ್ಲಾಡಿಸಿ ಬೂದಿ ಉದುರಿಸಿ, ನಾಲ್ಕು ಉಂಡೆ ಹೊಗೆರಹಿತ ಇದ್ದಲು ಇಟ್ಟು, ಬೂದಿಯ ತಟ್ಟೆಯನ್ನು ಹೊರಗೆ ಒಯ್ಯಬೇಕು. ಆ ಬೂದಿ ತಣ್ಣಗೆ ಕಂಡರೂ ಒಳಗೆ ಕೆಂಡವಿರುತ್ತದೆ, ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದನ್ನು ಬಾಗಿಲೊಳಗೆ ಒಂದು ಕ್ಷಣವೂ ಬಿಡಬೇಡಿ. 2019ರಿಂದ ವಾಸದ ದೋಣಿಗಳಲ್ಲಿ ಈ ಅನಿಲದ ಅಲಾರಂ ಕಡ್ಡಾಯವಾಗಿದೆ. ನಮ್ಮಲ್ಲಿ ಎರಡಿವೆ, ಒಂದು ಹಾಸಿಗೆಯ ಹತ್ತಿರ. ಕೊರೆಯುವ ವಾರದಲ್ಲಿ 25 ಕಿಲೋ ಚೀಲ ನಮಗೆ ಮೂರು ದಿನ ಬರುತ್ತದೆ. ಒಲೆ ಮುಂಭಾಗದಲ್ಲಿರುವುದರಿಂದ ಅಲ್ಲಿ ಬನಿಯನ್‌ನಲ್ಲಿ ಕೂರುವಷ್ಟು ಸೆಕೆ, ಹಿಂದಿನ ಮಲಗುವ ಕೋಣೆಯಲ್ಲಿ ಉಸಿರು ಕಾಣಿಸುವಷ್ಟು ಚಳಿ. ‘ಮನೆ ಬೆಚ್ಚಗಿದೆಯೇನೇ?’ ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಯಾವ ಕೊನೆ ಎಂದು ನಾನು ಕೇಳಬೇಕಾಗುತ್ತದೆ.

ನಮ್ಮ ಅಡುಗೆಗೆ ಒಲೆಯಂಥ ಸಾಧನ ಇನ್ನೊಂದಿಲ್ಲ. ದೋಸೆ ಹಿಟ್ಟು ಈ ದೇಶದ ಅಡುಗೆಮನೆಗಳಲ್ಲಿ ಎರಡು ದಿನವಾದರೂ ಹುಳಿಯುವುದಿಲ್ಲ ಎಂದು ಕೊರಗುವವರನ್ನು ಕಂಡಿದ್ದೇನೆ. ಒಲೆಯಿಂದ ಮೂರು ಅಡಿ ದೂರದ ಗೂಡಿನಲ್ಲಿ, ಟವೆಲ್ ಸುತ್ತಿದ ಪಾತ್ರೆಯಲ್ಲಿ ನಮ್ಮ ಹಿಟ್ಟು ಒಂದೇ ರಾತ್ರಿಗೆ ಉಕ್ಕಿ ಬರುತ್ತದೆ. ಬೇಳೆ ಒಲೆಯ ಮೇಲೆಯೇ ನಿಧಾನವಾಗಿ ಬೇಯುತ್ತದೆ. ಆದರೆ ಇಡ್ಲಿಯ ಹಬೆಯ ವಿಷಯದಲ್ಲಿ ಎಚ್ಚರ. ಒಂದು ಸಲ ಇಡ್ಲಿ ಬೇಯಿಸಿದರೆ ಕಿಟಕಿಯ ಚೌಕಟ್ಟಿನಿಂದ ನೀರು ತೊಟ್ಟಿಕ್ಕುತ್ತದೆ, ಹಾಸಿಗೆಯ ಕೆಳಗೆ ಬೂಷ್ಟು ಹಿಡಿಯುತ್ತದೆ. ಎಷ್ಟೇ ಚಳಿಯಿದ್ದರೂ ಗಾಳಿಯ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಬಾರದು. ಕುಕ್ಕರ್ ಬಳಸಿ, ಮೇಲಿನ ಕಿಟಕಿ ಎರಡು ಬೆರಳು ತೆರೆದಿಡಿ.

ಗ್ಯಾಸ್ ಕೊಳ್ಳುವಾಗ ಪ್ರೋಪೇನ್ ಎಂದೇ ಕೇಳಿ. ಊರಿನ 14.2 ಕಿಲೋ ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ನಮ್ಮ ಸೆಕೆಗೆ ಅದು ಸರಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ಇರುವುದು ದೋಣಿಯ ಮೂತಿಯಲ್ಲಿ, ಬಯಲಿನ ಚಳಿಯಲ್ಲಿ. ಪ್ರೋಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗುತ್ತದೆ.

ಶೌಚದ ಮಾತು ಮುಜುಗರದ್ದಾದರೂ ಚಳಿಗಾಲದ ಜಾಗ ನಿರ್ಧರಿಸುವುದು ಹೆಚ್ಚಾಗಿ ಅದೇ. ದೊಡ್ಡ ತೊಟ್ಟಿಯ ವ್ಯವಸ್ಥೆ ಬೇಸಿಗೆಗೆ ಸುಖ, ಆದರೆ ತೊಟ್ಟಿ ಖಾಲಿ ಮಾಡಿಸಲು ದೋಣಿಯನ್ನೇ ಪಂಪಿನ ಬಳಿಗೆ ಒಯ್ಯಬೇಕು. ಮಂಜುಗಡ್ಡೆಯಲ್ಲಿ ಸಿಕ್ಕಿದರೆ ಮುಗಿಯಿತು. ಡಬ್ಬಿಯ ವ್ಯವಸ್ಥೆಯಲ್ಲಿ ಇಬ್ಬರಿಗೆ ಮೂರು ದಿನಕ್ಕೊಮ್ಮೆ ಡಬ್ಬಿ ತುಂಬುತ್ತದೆ, ಆದರೆ ಕೈಗಾಡಿಯಲ್ಲಿಟ್ಟು ನಡೆದು ಹೋಗಿ ಖಾಲಿ ಮಾಡಿ ಬರಬಹುದು. ಹಾಗಾಗಿ ತೊಟ್ಟಿ ಇರುವವರು ಮರೀನಾ ಹಿಡಿಯಲಿ. ಡಬ್ಬಿ ಇರುವವರು ಮೂರು ಡಬ್ಬಿ ಇಟ್ಟುಕೊಂಡು ದಂಡೆಯಲ್ಲಿ ನಿಲ್ಲಲಿ.

ಯಾರಿಗೆ ಯಾವುದು

ಮೊದಲ ಚಳಿಗಾಲವಾದರೆ, ಮಗುವಿದ್ದರೆ, ಕೆಲಸ ಲ್ಯಾಪ್‌ಟಾಪ್ ಮೇಲೆ ನಡೆಯುವುದಾದರೆ ಮರೀನಾ. ದುಬಾರಿಯೆಂದು ಹಿಂಜರಿಯಬೇಡಿ. ಒಂದು ವರ್ಷದಲ್ಲಿ ದೋಣಿಯ ಸ್ವಭಾವ ತಿಳಿಯುತ್ತದೆ, ಆಮೇಲೆ ಬಿಟ್ಟು ಹೊರಡಬಹುದು. ಒಲೆ ಹೊತ್ತಿಸಿ ರಾತ್ರಿಯಿಡೀ ಉಳಿಸಿಕೊಳ್ಳಲು ಕಲಿತವರಿಗೆ, ಊರಿನ ಬಸ್ಸಿಗೋ ರೈಲಿಗೋ ನಡೆದು ಹೋಗಬೇಕಾದವರಿಗೆ ದಂಡೆಯ ಜಾಗ. ನಲ್ಲಿ ಅರ್ಧ ಮೈಲಿಯೊಳಗಿದ್ದರೆ ನನ್ನ ಮತ ಇದಕ್ಕೇ.

ಸಾಗುವುದೇ ಸರಿ ಎನ್ನುವವರು ಲಾಕ್‌ಗಳಿಲ್ಲದ ಉದ್ದನೆಯ ಮಾರ್ಗಗಳನ್ನು ಆರಿಸಿಕೊಳ್ಳಿ. ಲಾಕ್ ಇಲ್ಲದಿದ್ದರೆ ಅದರ ದುರಸ್ತಿಯ ಭಯವೂ ಇಲ್ಲ, ಜಾರುವ ಹಲಗೆಯೂ ಇಲ್ಲ. ಕಾವೆಂಟ್ರಿ ಕಾಲುವೆಯಿಂದ ಕವಲೊಡೆಯುವ ಆಶ್ಬಿ ಕಾಲುವೆ 22 ಮೈಲಿ ಲಾಕ್ ಇಲ್ಲದೆ ಹೊಲಗಳ ನಡುವೆ ಸುತ್ತುತ್ತದೆ. ಗ್ರಾಂಡ್ ಯೂನಿಯನ್‌ನ ಲೆಸ್ಟರ್ ಮಾರ್ಗದಲ್ಲಿ ವಾಟ್‌ಫರ್ಡ್ ಮತ್ತು ಫಾಕ್ಸ್‌ಟನ್ ಮೆಟ್ಟಿಲು ಲಾಕ್‌ಗಳ ನಡುವೆ 20 ಮೈಲಿ ಸಮತಟ್ಟು. ದಕ್ಷಿಣ ಆಕ್ಸ್‌ಫರ್ಡ್ ಕಾಲುವೆಯ ಅತಿ ಎತ್ತರದ ಮಟ್ಟದಲ್ಲಿ ಮಾರ್ಸ್ಟನ್ ಡೋಲ್ಸ್‌ನಿಂದ ಕ್ಲೇಡನ್‌ವರೆಗೆ ಲಾಕ್ ಇಲ್ಲದ 11 ಮೈಲಿ ಇದೆ, ಆದರೆ ಅಲ್ಲಿ ಗಾಳಿ ತಡೆಯಲು ಒಂದು ಮರವೂ ಸಿಗದ ಜಾಗಗಳಿವೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಗಬೇಡಿ, ಎರಡೂವರೆಗೆಲ್ಲ ಹಗ್ಗ ಕಟ್ಟಿ ಒಳಗಿರಿ. ನಲ್ಲಿ ಕಂಡಲ್ಲೆಲ್ಲ ಟ್ಯಾಂಕ್ ಅರ್ಧ ತುಂಬಿದ್ದರೂ ನಿಲ್ಲಿಸಿ ತುಂಬಿಸಿಕೊಳ್ಳಿ. ತುಂಬಿದ ಮೇಲೆ ಪೈಪಿನ ನೀರನ್ನು ಪೂರ್ತಿ ಬಸಿದು ಸುರುಳಿ ಸುತ್ತಿ ಒಲೆಯ ಪಕ್ಕದಲ್ಲಿಡಿ. ಹೊರಗೆ ಬಿಟ್ಟ ಪೈಪಿನೊಳಗಿನ ನೀರು ಬೆಳಗಾಗುವಷ್ಟರಲ್ಲಿ ಗಡ್ಡೆ ಕಟ್ಟಿರುತ್ತದೆ.

1962ರ ಕ್ರಿಸ್ಮಸ್ ಹೊತ್ತಿಗೆ ಶುರುವಾದ ಚಳಿ ಮಾರ್ಚ್‌ವರೆಗೆ ಬಿಡಲಿಲ್ಲ. ಸರಕು ಸಾಗಿಸುತ್ತಿದ್ದ ದೋಣಿಗಳು, ಅವುಗಳಲ್ಲೇ ಹುಟ್ಟಿ ಬೆಳೆದ ಕುಟುಂಬಗಳ ಸಮೇತ, ವಾರಗಟ್ಟಲೆ ನಿಂತಲ್ಲೇ ನಿಂತವು. ಕಾಲುವೆಯ ಸರಕು ವ್ಯಾಪಾರ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಈಗಿನ ಚಳಿಗಾಲಗಳು ಅಷ್ಟು ಕಠಿಣವಲ್ಲ, ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಆದ್ದರಿಂದ ನಾವು ಎಲ್ಲಿ ನಿಂತರೂ ಎರಡು ವಾರಕ್ಕಾಗುವಷ್ಟು ಅಕ್ಕಿ, ಬೇಳೆ, ರಾಗಿಹಿಟ್ಟು, ಐದು ಚೀಲ ಇದ್ದಲು, ಒಂದು ತುಂಬಿದ ಸಿಲಿಂಡರ್, 40 ಲೀಟರ್ ಕುಡಿಯುವ ನೀರು ಬೇರೆಯಾಗಿ ಎತ್ತಿಟ್ಟಿರುತ್ತೇವೆ. ಮಾರ್ಚ್ ಬರುವವರೆಗೆ ಅದನ್ನು ಮುಟ್ಟುವುದಿಲ್ಲ.